ಮೆಟ್ಟಿಲ ಗೋಡೆಯ ಗಾಜು

ಗಂಡನ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದ ಚಿಕ್ಕಬೋರಮ್ಮನ ಕೈ ಅರ್ಧಕ್ಕೆ ನಿಂತಿತು. ಹೊರಗೆ ಮೆಟ್ಟಿಲ ಕಡೆಯಿಂದ ಟಿಣ್ ಎಂದು ಒಂದು ಸಣ್ಣ ಸದ್ದು ಬಂದಿತ್ತು. ಬಳೆ ಒಡೆದಾಗ ಬರುವಂಥದ್ದು, ಅದಕ್ಕಿಂತ ತೆಳುವಾದದ್ದು. ನಡುರಾತ್ರಿ ಕಳೆದಿತ್ತು. ಸಂಜೆಯಿಂದ ಬಿಡದೆ ಬೀಸುತ್ತಿದ್ದ ಆಷಾಢದ ಗಾಳಿ ಅವರು ವಾಸವಿದ್ದ ಲಾಡ್ಜಿನ ಪಡುವಣ ಗೋಡೆಯನ್ನು ಹೆಗಲು ಕೊಟ್ಟು ತಳ್ಳುತ್ತಿತ್ತು. ಕರೆಂಟು ಹೋಗಿ ಎಷ್ಟೋ ಹೊತ್ತಾಗಿತ್ತು. ಕಿಟಕಿಯ ಬಾಗಿಲು ಬಡಿದುಕೊಳ್ಳುತ್ತಿತ್ತು. ತಾರಸಿಯ ಮೇಲೆ ಸೆಂಟ್ರಿಂಗಿನ ತಗಡೊಂದು ಗಡಗಡ ಅನ್ನುತ್ತಿತ್ತು. ಅಷ್ಟು ಗದ್ದಲದೊಳಗೆ ಆ ಸದ್ದು ಕೇಳಿಸಲೇಬಾರದಿತ್ತು. ಆದರೆ ಎಂಟು ವರ್ಷದಿಂದ ಆ ಸದ್ದಿಗೇ ಕಿವಿ ಕೊಟ್ಟು ಮಲಗಿದ ಮನೆ ಅದು.

ಹೊನ್ನಪ್ಪನಿಗೂ ಕೇಳಿಸಿತ್ತು. ಎರಡು ದಿನದಿಂದ ಅರೆಮುಚ್ಚಿದ್ದ ಕಣ್ಣನ್ನು ಪೂರ್ತಿ ತೆರೆದ.

"ಏನದು?"

"ಇರಿ, ನೋಡ್ಕಂಡ್ ಬತ್ತೀನಿ."

ಲೋಟವನ್ನು ತಲೆದೆಸೆಯ ಸ್ಟೂಲಿನ ಮೇಲಿಟ್ಟು, ಬ್ಯಾಟರಿ ಹಿಡಿದು ಅವಳು ಹೊರಗೆ ಹೋದಳು. ಅರ್ಧ ಮಹಡಿ ಇಳಿದರೆ ಮೆಟ್ಟಿಲು ತಿರುಗುವ ಜಾಗ. ಅಲ್ಲಿ ಕಾಂಕ್ರೀಟು ಗೋಡೆಯ ಉದ್ದಕ್ಕೂ ಒಂದು ಅಡ್ಡ ಬಿರುಕಿತ್ತು. ಬಿರುಕು ಅನ್ನಲೂ ಆಗದಷ್ಟು ಸಣ್ಣದು, ತಲೆಗೂದಲು ಅಂಟಿಕೊಂಡ ಹಾಗೆ. ಅದರ ಮೇಲೆ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಕೆಳಗೊಂದು ಸಿಮೆಂಟಿನ ಮುದ್ದೆಯಿಟ್ಟು ಹೊನ್ನಪ್ಪನೇ ಅಂಟಿಸಿದ್ದ. ಗೋಡೆ ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಬಿರುಕು ಒಂದೆಳೆ ಬಾಯಿ ಬಿಟ್ಟರೂ ಗಾಜು ಒಡೆಯುತ್ತದೆ. ಗಾಜಿಗೆ ಹಿಗ್ಗಲು ಬರುವುದಿಲ್ಲ.

ಗಾಜು ನಡುವಿಗೆ ಒಡೆದಿತ್ತು. ಎರಡು ತುಂಡೂ ತಮ್ಮ ತಮ್ಮ ಸಿಮೆಂಟನ್ನು ಕಚ್ಚಿಕೊಂಡೇ ಇದ್ದವು.

ಅವಳು ಗೋಡೆಗೆ ಅಂಗೈ ಒತ್ತಿ ನಿಂತಳು. ಹೇಳಿದರೆ ಎದ್ದು ಕೂರುತ್ತೇನೆ ಅನ್ನುತ್ತಾನೆ. ಎತ್ತಿಕೊಂಡು ಹೋಗಿ ತೋರಿಸು ಅನ್ನುತ್ತಾನೆ. ತಮ್ಮನನ್ನು ಈಗಲೇ ಕರೆಸು ಅನ್ನುತ್ತಾನೆ. ಎಷ್ಟೋ ರಾತ್ರಿಗಳಿಂದ ಅವಳಿಗೆ ನೆಟ್ಟಗೆ ನಿದ್ದೆಯಿರಲಿಲ್ಲ. ಹತ್ತಿ ಇಳಿದು ಮಂಡಿ ಊದಿಕೊಂಡಿತ್ತು. ಈ ಗಾಜಿನ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತೆಂದರೆ, ಅದು ಒಡೆದದ್ದನ್ನು ಕಂಡಾಗ ಹೆದರಿಕೆಗಿಂತ ಮೊದಲು ಬಂದದ್ದು, ಹೊತ್ತಲ್ಲದ ಹೊತ್ತಿನಲ್ಲಿ ಒಡೆಯಿತಲ್ಲ ಎಂಬ ರೇಗು. ಬೆಳಿಗ್ಗೆ ಹೇಳಿದರಾಯಿತು.

"ಏನದು?" ಒಳಗೆ ಬರುತ್ತಲೇ ಹೊನ್ನಪ್ಪ ಮತ್ತೆ ಕೇಳಿದ.

"ಏನಿಲ್ಲ. ಲೋಟ ಉಳ್ಳೋಯ್ತು."

"ಗಾಜು?"

"ಚೆಂದಾಗೈತೆ. ಮಲೀಕಳಿ."

ಅವನು ಅವಳ ಮುಖ ನೋಡಿದ. ಸ್ಟೂಲಿನ ಕಡೆ ನೋಡಿದ. ಮತ್ತೆ ಅವಳ ಮುಖ ನೋಡಿದ.

"ಅಂಗಾದ್ರೆ ಸರಿ ಬುಡು" ಎಂದು ಗೋಡೆ ಕಡೆ ಮಗ್ಗುಲಾದ.

ಸಕ್ಕರೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಸೈರನ್ ಕೂಗುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಬೆಳಿಗ್ಗೆ ಹೇಳೋಣವೆಂದರೆ ಕೇಳುವವನು ಇರಲಿಲ್ಲ.

*

"ತಲೆ ಕಡೆ ಎತ್ರಲಾ ಮೇಲಕ್ಕೆ."

"ತಲೆ ಎತ್ತುದ್ರೆ ಕಾಲು ಗ್ವಾಡೆಗೆ ಬಡೀತದೆ ಕಣಣ್ಣ."

"ಅಂಗಾರೆ ಓರೆ ಮಾಡು."

"ಓರೆ ಮಾಡುದ್ರೆ ಹೆಣ ಜಾರ್ಕತದೆ."

ಚಟ್ಟ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕೆಳಗೆ ಹೋಟೆಲು, ಎದುರಿಗೆ ಬಸ್‌ಸ್ಟ್ಯಾಂಡು, ತಿಂಡಿ ಹೊತ್ತಿನ ಜನ. ಅವರ ಮುಂದೆ ಹೆಣಕ್ಕೆ ನೀರು ಹಾಕುವುದು ಬೇಡ, ಮೇಲೆಯೇ ಎಲ್ಲ ಮುಗಿಸಿ ಚಟ್ಟ ಕಟ್ಟಿ ಇಳಿಸಿಬಿಡೋಣ ಎಂದು ಹೊನ್ನಪ್ಪನ ತಮ್ಮ ಚಿಕ್ಕಸ್ವಾಮಿ ಹೇಳಿದ್ದ. ಲಾಡ್ಜು ಅವನದು. ಹೇಳಿದಾಗ ಯಾರಿಗೂ ಮೆಟ್ಟಿಲಿನ ಅಗಲ ನೆನಪಾಗಿರಲಿಲ್ಲ.

"ಅಲ್ಲ, ಚಟ್ಟ ತಿರುಗ್ದಂಗೆ ಮೆಟ್ಲು ಕಟ್ಟೋರಾ ಯಾರಾರ?" ಎಂದ ಕುಳ್ಳಯ್ಯ. ಚಿನಕುರಳಿಯ ದಾಯಾದಿ, ಹೊನ್ನಪ್ಪನ ಜೊತೆ ಚಡ್ಡಿ ಹಾಕಿಕೊಂಡು ಎಮ್ಮೆ ಮೇಯಿಸಿದವನು. ಬಿದಿರಿನ ಒಂದು ತುದಿ ಅವನ ಹೆಗಲ ಮೇಲಿತ್ತು.

"ನಕ್ಷೆ ಬರ್ದೋನು ಅವ್ನೇ ಅಲ್ವ ಮಲ್ಗಿರೋದು. ಅವ್ನನ್ನೇ ಕೇಳು" ಎಂದ ಹಿಂದಿನವನು.

"ಕೇಳುದ್ರೆ ಸುಮ್ಕಿರ್ತಾನಾ? ಗ್ವಾಡೆ ದಪ್ಪ ಇರ್ಬೇಕು ಕಣ್ಲಾ, ಮೆಟ್ಲು ಕಿರ್ದಾದ್ರೆ ಏನಾತು ಅಂತಾನೆ. ಈಗ ಅನುಭೋಗುಸ್ಲಿ."

ಮೂಗೊರೆಸಿಕೊಳ್ಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗಿನೊಳಗೇ ನಕ್ಕರು. ಚಿಕ್ಕಬೋರಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಮಗಳು ಶ್ವೇತ ಪಕ್ಕದಲ್ಲಿ ಅವ್ವನ ಭುಜ ಹಿಡಿದಿದ್ದಳು. ನಾಗಮಂಗಲದಲ್ಲಿ ಹೈಸ್ಕೂಲು ಟೀಚರು. ಸುದ್ದಿ ಮುಟ್ಟಿದ ಕೂಡಲೇ ಸಿಕ್ಕಿದ ಬಸ್ಸು ಹತ್ತಿ ಬಂದಿದ್ದಳು. ಇಬ್ಬರಿಗೂ ಕಾಣುವುದು ಹೊನ್ನಪ್ಪನ ಕಾಲುಗಳ ಹೆಬ್ಬೆರಳು ಕಟ್ಟಿದ ದಾರ, ಅದರಾಚೆ ಗೋಡೆ. ಗೋಡೆಯ ಮೇಲೆ ಗಾಜಿನ ಎರಡು ತುಂಡು ಇನ್ನೂ ಹಾಗೆಯೇ ಇದ್ದವು. ಮೆಟ್ಟಿಲಿನ ನಸುಗತ್ತಲಲ್ಲಿ ಯಾರೂ ಅದರ ಕಡೆ ನೋಡಿರಲಿಲ್ಲ. ಹಾಗೆ ನೋಡಿದರೂ ಇಡೀ ಪಟ್ಟಿ ಅಂತಲೇ ಕಾಣುತ್ತಿತ್ತು.

ಕುಳ್ಳಯ್ಯ ಬಿದಿರಿನ ತುದಿ ಎತ್ತಿ ಹಿಂದಕ್ಕೆ ಎಳೆದ. ತುದಿ ಗೋಡೆಗೆ ಗುದ್ದಿತು. ಗಾಜು ಸಿಮೆಂಟಿನ ಮುದ್ದೆ ಸಮೇತ ಕಿತ್ತುಬಂದು ಮೆಟ್ಟಿಲ ಮೇಲೆ ಬಿದ್ದು ಪುಡಿಯಾಯಿತು.

"ಲೇ, ಕಾಲು ನೋಡ್ಕಳ್ರಲಾ, ಗಾಜು."

ಚಿಕ್ಕಸ್ವಾಮಿ ಬಗ್ಗಿ ನೋಡಿದ. ಬೆಳಗಿನಿಂದ ಎಲ್ಲರಿಗಿಂತ ಜೋರಾಗಿ ಅತ್ತು ಅವನ ಕಣ್ಣು ಕೆಂಪಾಗಿತ್ತು. "ಒಡ್ದೋಯ್ತಾ? ಓಗ್ಲಿ ಬುಡಿ. ಅಣ್ಣನೇ ಓದ್ಮೇಲೆ ಅದ್ಯಾತಕ್ಕೆ. ಎಂಟೊರ್ಷ ಗ್ವಾಡೆ ಒಡೀಲಿಲ್ಲ ಅದ್ನ, ಅವ್ನ ಚಟ್ಟನೇ ಒಡೀಬೇಕಿತ್ತೇನೋ."

ರಾತ್ರಿಯೇ ಒಡೆದಿತ್ತು. ಆ ಮಾತು ಚಿಕ್ಕಬೋರಮ್ಮನ ನಾಲಿಗೆ ತುದಿಗೆ ಬಂತು. ಅದರ ಹಿಂದೆಯೇ ಮುಂದಿನ ಪ್ರಶ್ನೆಯೂ ಕಾಣಿಸಿತು: ಅವನಿಗೆ ಹೇಳಿದೆಯಾ? ಅವಳು ಮಗಳಿಗೆ ಪೊರಕೆ ತರಲು ಹೇಳಿದಳು. ಶ್ವೇತ ಪೊರಕೆ ತಂದು ಗಾಜಿನ ಚೂರನ್ನು ಮೊರಕ್ಕೆ ತಳ್ಳಿದಳು. ಚೂರಿನಲ್ಲಿ ಯಾವುದು ರಾತ್ರಿ ಒಡೆದದ್ದು, ಯಾವುದು ಈಗ ಒಡೆದದ್ದು ಎಂದು ಹೇಳಲು ಇನ್ನು ದೇವರಿಂದಲೂ ಆಗುತ್ತಿರಲಿಲ್ಲ.

*

ಹೊನ್ನಪ್ಪ ಚಿನಕುರಳಿಯವರಲ್ಲಿ ಓದಿ ಎಂಜಿನಿಯರಾದ ಮೊದಲಿಗ. ಬೆಂಗಳೂರಿನ ಒಂದು ಕಚೇರಿಯಲ್ಲಿ ಕೂತು, ಬೇರೆಯವರು ಕಟ್ಟುವ ಎತ್ತರದ ಕಟ್ಟಡಗಳಿಗೆ ಲೆಕ್ಕ ಹಾಕಿಕೊಡುವುದು ಅವನ ಕೆಲಸ. ಇಡೀ ನೌಕರಿಯಲ್ಲಿ ಅವನು ಹಾಕಿದ ಲೆಕ್ಕ ಒಂದೇ: ಗಾಳಿ ತಳ್ಳಿದಾಗ ಗೋಡೆ ಎಷ್ಟು ಬಾಗುತ್ತದೆ. "ಬಾಗ್ದೇ ಇರೋ ಗೋಡೆ ಇಲ್ಲ ಕಣೆ. ಎತ್ತರ ಹೋದಷ್ಟೂ ಭಾರದ ಕಾಟ ಕಮ್ಮಿ, ಗಾಳಿ ಕಾಟ ಜಾಸ್ತಿ" ಎಂದು ಊಟದ ತಟ್ಟೆಯ ಮುಂದೆ ಹೇಳುತ್ತಿದ್ದ. ಅಷ್ಟು ವರ್ಷವೂ ಅವರು ಬಾಡಿಗೆಗಿದ್ದದ್ದು ನೆಲಮಟ್ಟದ ಹೆಂಚಿನ ಮನೆ.

ಶ್ವೇತಳನ್ನು ನೋಡಲು ಬೀಗರು ಬಂದ ದಿನ ಕಬ್ಬಿನ ಜಲ್ಲೆಯೊಂದನ್ನು ತರಿಸಿ, ಬುಡವನ್ನು ಕಾಲಲ್ಲಿ ಅದುಮಿ ಹಿಡಿದು, ತುದಿಯನ್ನು ಹುಡುಗನ ತಂದೆಯ ಕೈಗೆ ಕೊಟ್ಟು "ತಳ್ಳಿ" ಎಂದಿದ್ದ. ಆಮೇಲೆ ನಡುವೆ ಮಚ್ಚಿನಿಂದ ಒಂದು ಕಚ್ಚು ಹಾಕಿ "ಈಗ ತಳ್ಳಿ" ಎಂದ. ಜಲ್ಲೆ ಮುರಿಯಲಿಲ್ಲ, ಮೊದಲಿಗಿಂತ ಎರಡರಷ್ಟು ಬಾಗಿತು. "ನೋಡುದ್ರಾ, ಮುರೀಲಿಲ್ಲ. ಸೆಟೆತ ಹೋಯ್ತು. ಬಿರುಕು ಬಿಟ್ಟ ಗೋಡೆನೂ ಇಷ್ಟೇ, ನಿಂತಿರ್ತದೆ, ಗಾಳಿ ಬಂದಾಗ ಗೊತ್ತಾಗ್ತದೆ." ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಒಬ್ಬಟ್ಟು ಆರುತ್ತಿತ್ತು. ಚಿಕ್ಕಬೋರಮ್ಮ ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚಿಕೊಂಡಿದ್ದಳು.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಎದುರು ಲಾಡ್ಜು ಕಟ್ಟುತ್ತೇನೆಂದು ಚಿಕ್ಕಸ್ವಾಮಿ ಹೊರಟಾಗ ನಕ್ಷೆ ಅಣ್ಣನದೇ. ಕೆಳಗೆ ಹೋಟೆಲು, ಮೇಲೆ ಮೂರಂತಸ್ತು. ಮುಂದೆ ಇನ್ನೆರಡು ಹಾಕುವಂತೆ. ಪಡುವಣಕ್ಕೆ ಬರೀ ಕಬ್ಬಿನ ಗದ್ದೆ, ಗಾಳಿಗೆ ತಡೆಯಿಲ್ಲ. ಅದಕ್ಕೇ ಮೆಟ್ಟಿಲ ಬದಿಗೆ ಬುಡದಿಂದ ತುದಿಯವರೆಗೆ ಒಂದೇ ಕಾಂಕ್ರೀಟು ಗೋಡೆ. ಅದು ಎರಡನೆಯ ಅಂತಸ್ತು ದಾಟಿ ಅರ್ಧಕ್ಕೆ ಬಂದಿದ್ದ ದಿನ ಹೊನ್ನಪ್ಪ ರಜೆ ಹಾಕಿ ಎದುರಿಗೇ ನಿಂತಿದ್ದ. ಆಗ ಚಿನಕುರಳಿಯಿಂದ ಸುದ್ದಿ ಬಂತು: ಅಪ್ಪ ಹೋದರು.

ಮನೆಯಲ್ಲಿ ಹೆಣವಿರುವಾಗ ಮನೆತನದ ಕೆಲಸ ನಡೆಯುವಂತಿಲ್ಲ. ಬಾಣಲಿ ಕೈಯಲ್ಲಿದ್ದರೆ ಕೈಯಲ್ಲಿದ್ದ ಹಾಗೇ ಇಟ್ಟು ಏಳಬೇಕು. ಮೇಸ್ತ್ರಿ ದ್ಯಾವಯ್ಯ ಸಾರುವೆಯ ಮೇಲಿಂದ ಕೇಳಿದ: "ಅಣ್ಣ, ಇನ್ನ ಆಳೆತ್ತರ ಅದೆ. ಮುಗುಸ್ಬುಡನ?" ಹಾಕುತ್ತಿರುವ ಕಾಂಕ್ರೀಟನ್ನು ಅರ್ಧಕ್ಕೆ ಬಿಡಬಾರದೆಂದು ಅಲ್ಲಿದ್ದವರಲ್ಲಿ ಹೊನ್ನಪ್ಪನಷ್ಟು ಗೊತ್ತಿದ್ದವರು ಬೇರೆ ಯಾರಿದ್ದರು? ಸುತ್ತ ನಿಂತ ನೆಂಟರ ಮುಖ ನೋಡಿ ಅವನು "ನಿಲ್ಸಿ" ಎಂದ. ತಿಥಿ ಮುಗಿದ ಮೇಲೆ ಕೆಲಸ ಮತ್ತೆ ಶುರುವಾಯಿತು. ಹೊಸದು ಕಚ್ಚಿಕೊಳ್ಳುವಂತೆ ಹಳೆಯ ಕಾಂಕ್ರೀಟಿನ ಮೇಲ್ಮೈಯನ್ನು ಉಳಿಯಿಂದ ಒರಟು ಮಾಡಬೇಕಿತ್ತು; ಚಿಕ್ಕಸ್ವಾಮಿ ಸಿಮೆಂಟಿನ ಹಾಲು ಚೆಲ್ಲಿಸಿ ಮುಂದಕ್ಕೆ ಹಾಕಿಸಿದ. ಆ ದಿನ ಹೊನ್ನಪ್ಪ ತಲೆ ಬೋಳಿಸಿಕೊಂಡು ಊರಲ್ಲಿ ಕೂತಿದ್ದ. ಹಳೆಯದೂ ಹೊಸದೂ ಬೆಸೆದುಕೊಳ್ಳಲೇ ಇಲ್ಲ. ಮೊದಲ ಆಷಾಢಕ್ಕೇ ಅಲ್ಲಿ ಕೂದಲಗೆರೆ ಕಾಣಿಸಿತು.

"ಅಪ್ಪ ಸತ್ತ ಗೆರೆ ಕಣೆ ಅದು" ಎಂದು ಹೆಂಡತಿಗೆ ಒಂದು ಸಲ ಹೇಳಿದ್ದ. ತಮ್ಮನೊಬ್ಬನನ್ನು ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ.

ಹೇಳಿದರೂ ನಂಬುವವರಿರಲಿಲ್ಲ. ಅದಕ್ಕೆ ಹಿಂದಿನ ವರ್ಷ ಕೆ.ಆರ್. ಪೇಟೆ ಕಡೆಯ ಒಂದು ಶಾಲೆಯ ಗೋಡೆ ನೋಡಿ, ಮಕ್ಕಳನ್ನು ಒಳಗೆ ಕೂರಿಸಬೇಡಿ ಎಂದಿದ್ದ. ಮಕ್ಕಳು ಮಳೆಗಾಲವೆಲ್ಲ ಹೊಂಗೆಮರದ ಕೆಳಗೆ ನೆನೆದವು. ಕೊನೆಗೆ ಕೆತ್ತಿ ನೋಡಿದರೆ ಬಿರುಕು ಬರೀ ಗಾರೆಯಲ್ಲಿತ್ತು, ಒಳಗೆ ಗೋಡೆ ಗಟ್ಟಿಯಾಗಿತ್ತು. ಅಂದಿನಿಂದ ಅವನ ಹೆಸರು ಬಿರುಕು ಹೊನ್ನಪ್ಪ. "ಗಾಜು ಅಂಟಿಸಿ ಕಾಯ್ಬೇಕಿತ್ತು. ಆತುರ ಬಿದ್ದೆ" ಎಂದು ಎಷ್ಟೋ ದಿನ ಕೊರಗಿದ. ಲಾಡ್ಜಿನ ಗೋಡೆಗೆ ಆತುರ ಬೀಳಲಿಲ್ಲ. ಗಾಜು ಅಂಟಿಸಿ, ತಮ್ಮನಿಂದ ಒಂದು ಮಾತು ತೆಗೆದುಕೊಂಡ: ಗಾಜು ಒಡೆದರೆ ಮೇಲಕ್ಕೆ ಕಟ್ಟುವುದಿಲ್ಲ. ಅದೇ ವರ್ಷ ನಿವೃತ್ತನಾಗಿ ಅದನ್ನು ಕಾಯಲು ಮೂರನೆಯ ಅಂತಸ್ತಿನ ಒಂದು ರೂಮಿಗೇ ಸಂಸಾರ ತಂದ. ಚಿಕ್ಕಬೋರಮ್ಮ ಸೀಮೆಎಣ್ಣೆ ಡಬ್ಬಿ, ತರಕಾರಿ ಚೀಲ, ಕರೆಂಟಿಲ್ಲದ ದಿನ ನೀರಿನ ಕೊಡ, ಎಲ್ಲ ಹೊತ್ತು ಹತ್ತಿದಳು. ಪ್ರತಿ ಸಲವೂ ತಿರುವಿನಲ್ಲಿ ಏದುಸಿರು ಬಿಡುತ್ತ ಆ ಗಾಜನ್ನು ನೋಡಿದಳು. ಒಡೆಯೋದಾದ್ರೆ ಒಡೆದು ಸಾಯಬಾರದೇ ಎಂದುಕೊಂಡಳು.

ಒಡೆಯಲಿಲ್ಲ. ಈ ಬೇಸಗೆಯಲ್ಲಿ ಅಣ್ಣ ಹಾಸಿಗೆ ಹಿಡಿದಾಗ ಚಿಕ್ಕಸ್ವಾಮಿ "ಇಷ್ಟೊರ್ಷ ಒಡೀದೇ ಇದ್ದುದ್ದು ಇನ್ನೇನು ಒಡ್ದಾತು" ಎಂದು ಮೇಲೆ ಗೋಡೆ ಎಬ್ಬಿಸಿದ. ಹೊಸದಾಗಿ ಮದುವೆಯಾದ ಅವನ ಮಗ ಸಂತೋಷನ ಸಂಸಾರಕ್ಕೆ ಆ ಅಂತಸ್ತು. ಎತ್ತರ ಹೆಚ್ಚಿದಷ್ಟೂ ಗಾಳಿಯ ಕೈಗೆ ಸಿಗುವುದು ಹೆಚ್ಚು ಎಂದು ಹೊನ್ನಪ್ಪ ಮಲಗಿದಲ್ಲಿಂದಲೇ ಹೇಳಿದ. ಯಾರೂ ಹತ್ತಿ ಬಂದು ಕೇಳಲಿಲ್ಲ. ಸೆಂಟ್ರಿಂಗು ಮುಗಿದಿತ್ತು. ಚಾವಣಿಗೆ ಮೋಲ್ಡು ಹಾಕುವುದು ನಾಳೆ.

*

ಹೆಣವನ್ನು ಟ್ರಾಕ್ಟರಿನಲ್ಲಿ ಚಿನಕುರಳಿಗೆ ಒಯ್ದರು. ಅವರ ಜಮೀನಿನ ಬದುವಿನಲ್ಲಿ ಅಪ್ಪನ ಗುಂಡಿಯ ಪಕ್ಕದಲ್ಲೇ ಹೊನ್ನಪ್ಪನದೂ. ಗಾಳಿಗೆ ಊದಿನಕಡ್ಡಿ ಹತ್ತಿಕೊಳ್ಳಲಿಲ್ಲ. ಮಂಡಕ್ಕಿ ಎರಚಿದವರ ಮುಖಕ್ಕೇ ವಾಪಸ್ಸು ಬಂತು. ದೂರದ ಕ್ವಾರಿಯಲ್ಲಿ ಕಲ್ಲು ಸಿಡಿದ ಸದ್ದಾಯಿತು. ಮೂರು ಹಿಡಿ ಮಣ್ಣು ಹಾಕಿ ಚಿಕ್ಕಬೋರಮ್ಮ ಹಿಂದೆ ಸರಿದಾಗ ಬೆನ್ನ ಹಿಂದೆ ದ್ಯಾವಯ್ಯನ ದನಿ ಕೇಳಿಸಿತು.

"ನಾಳೀಕೆ ಏನ್ಮಾಡನ ಅಣ್ಣ? ಬೆಳ್ಳೂರಿಂದ ಮಿಕ್ಸರ್ ಒಂಟದೆ ಅಂತ ಯೋಳವ್ರೆ. ನಿಮ್ಗೆ ಸೂತಕ ಬಂತಲ್ಲ."

"ಸೂತಕ ನಂಗೆ. ನಿಂಗಲ್ವಲ್ಲ" ಎಂದ ಚಿಕ್ಕಸ್ವಾಮಿ. "ನಾನು ಆಕಡೆ ತಲೆ ಆಕಾಕಿಲ್ಲ. ನೀನೇ ನಿಂತು ಆಕ್ಸು."

"ಜನ ಏನಂದಾರು?"

"ಅನ್ಲಿ. ಅಪ್ಪ ಸತ್ತಾಗ ನಿಲ್ಸಿದ್ಕೇ ಅಲ್ವೇನ್ಲಾ ಆ ಗ್ವಾಡೆ ಇಂಗಾಗಿದ್ದು. ಸಾವು ಬಂತು ಅಂತ ಕಾಂಕ್ರೀಟು ಅರ್ಧಕ್ಕೆ ಬುಡ್ಬಾರ್ದು ಅಂತ ಅಣ್ಣ ನನ್ ಮುಂದೆ ಎಷ್ಟ್ ಸಲ ಅಂದವ್ನೆ. ಅವ್ನ್ ಮಾತೇ ನಡುಸ್ದಂಗಾಯ್ತದೆ."

ಚಿಕ್ಕಬೋರಮ್ಮನಿಗೆ ಮೈ ಉರಿದುಹೋಯಿತು. ಮಾತಿಗೆ ಮಾತು ಸರಿಯಾಗಿಯೇ ಇತ್ತು. ಹೊನ್ನಪ್ಪ ಹಾಗೆ ಅಂದದ್ದೂ ನಿಜ. ಅದನ್ನೇ ತಿರುಗಿಸಿ ಅವನ ಗುಂಡಿಯ ಮುಂದೆ ನಿಂತು ಹೇಳುತ್ತಿದ್ದಾನೆ, ಅದೂ ಕಣ್ಣಲ್ಲಿ ನೀರು ಹಾಕಿಕೊಂಡು, ಮನಸಾರೆ ನಂಬಿಕೊಂಡು. ಜಗಳವಾಡಲು ಒಂದು ಎಳೆಯೂ ಸಿಗುವುದಿಲ್ಲ. ಬೇಡಪ್ಪ ಎಂದರೆ ಯಾಕೆ ಅನ್ನುತ್ತಾನೆ. ಹನ್ನೊಂದು ದಿನ ತಡಿ ಎಂದರೆ ತಡೆದು ಆಮೇಲೆ ಹಾಕಿಸುತ್ತಾನೆ.

ವಾಪಸು ಬರುವಾಗ ಟ್ರಾಕ್ಟರಿನ ಟ್ರೈಲರಿನಲ್ಲಿ ಶ್ವೇತ ಅವ್ವನ ಪಕ್ಕ ಕೂತಳು. ಊರು ದಾಟಿದ ಮೇಲೆ, "ನನ್ ಜೊತೆ ನಾಗಮಂಗಲಕ್ಕೆ ಬಂದ್ಬುಡವ್ವ. ಇನ್ನಾ ಆ ಮೆಟ್ಲು ಹತ್ತೋದು ಬ್ಯಾಡ" ಎಂದಳು.

"ನೋಡನ."

"ಅಪ್ಪನ ಮೇಲೆ ಸಿಟ್ಟು ಬತ್ತದೆ ನಂಗೆ, ಸತ್ತಿದ್ರೂವೆ. ನಿನ್ನ ಅಷ್ಟೆತ್ರದಲ್ಲಿ ಕೂರ್ಸಿ ಕಾಯ್ಸುದ್ರಲ್ಲ, ಒಡೀತಾ ಅದು? ಕೊನೇಗಂಟ ಒಡೀಲಿಲ್ಲ. ಶಾಲೆ ಗೋಡೆ ಆದಂಗೇ ಆಯ್ತು." ಅವಳ ದನಿ ಒಡೆಯಿತು. "ಒಂದ್ಸಲನಾದ್ರೂ ಅವ್ರು ಹೇಳಿದ್ದು ಸರಿಯಾಗ್ಬಾರ್ದಿತ್ತಾ."

ಚಿಕ್ಕಬೋರಮ್ಮ ಮಗಳ ಕೈ ಹಿಡಿದುಕೊಂಡಳು.

*

ಮಣ್ಣು ಮಾಡಿ ಬಂದವರು ಜೀವ ಹೋದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡದೆ ತಮ್ಮ ತಮ್ಮ ಮನೆಗೆ ಹೋಗುವಂತಿಲ್ಲ. ಹೊನ್ನಪ್ಪನ ದೀಪ ಇದ್ದದ್ದು ಮೂರನೆಯ ಅಂತಸ್ತಿನಲ್ಲಿ. ಬೆಳಗಿನಿಂದ ಹೊಟ್ಟೆಗಿಲ್ಲದ ಜನ ಕಂಬಿ ಹಿಡಿದು ಹಿಡಿದು ಹತ್ತಿದರು.

"ಕೆಳಗೇ ಒಂದು ದೀಪ ಅಚ್ಚುದ್ರೆ ಆಗ್ತಿರ್ನಿಲ್ವ?" ಎಂದಳು ಒಬ್ಬಾಕೆ.

"ಪ್ರಾಣ ಓದ್ದು ಮೇಲಲ್ವವ್ವ" ಎಂದ ಕುಳ್ಳಯ್ಯ. "ಬಿರುಕು ಒನ್ನಪ್ಪ ಸತ್ಮೇಲೂ ನಮ್ಮನ್ನ ಗ್ವಾಡೆ ನೋಡ್ಸದೆ ಬುಡ್ನಿಲ್ಲ ನೋಡು."

ನೋಡಿದವರು ನೋಡಿ ಇಳಿದರು. ಕೊನೆಗೆ ಉಳಿದವರು ಚಿಕ್ಕಸ್ವಾಮಿ, ಕುಳ್ಳಯ್ಯ, ಬಾಗಿಲ ಹೊರಗೆ ದ್ಯಾವಯ್ಯ. ಮಂಚ ಎತ್ತಿದ ಜಾಗದಲ್ಲಿ ದೀಪ. ಪಕ್ಕದಲ್ಲಿ ಹೋದವರಿಗೆಂದು ಒಂದು ಪಾತ್ರೆಯಲ್ಲಿ ನೀರಿಡಬೇಕು. ಶ್ವೇತ ಸುತ್ತ ನೋಡಿ, ಸ್ಟೂಲಿನ ಮೇಲಿದ್ದ ಲೋಟವನ್ನೇ ತೊಳೆದು ತುಂಬಿಸಿ ತಂದಿಟ್ಟಳು.

"ಹಂಗಾರೆ ನಾಳೆ ಬೆಳಿಗ್ಗೇನೆ ಬಂದ್ಬುಡು" ಎಂದು ಚಿಕ್ಕಸ್ವಾಮಿ ಬಾಗಿಲ ಕಡೆ ತಿರುಗಿ ದ್ಯಾವಯ್ಯನಿಗೆ ಹೇಳಿದ.

"ಗಾಜು ಚಟ್ಟ ತಗುಲಿ ಒಡ್ದಿದ್ದಲ್ಲ" ಎಂದಳು ಚಿಕ್ಕಬೋರಮ್ಮ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ದೀಪದಿಂದ ಕಣ್ಣು ತೆಗೆಯದೆ ಮತ್ತೆ ಹೇಳಿದಳು.

"ರಾತ್ರಿನೇ ಒಡೀತು. ಗಾಳಿಗೆ. ಸದ್ದು ಕೇಳಿ ಬ್ಯಾಟ್ರಿ ತಕ್ಕಂಡೋಗಿ ನೋಡ್ದೆ. ನಡುವಿಗೆ ಎರಡು ತುಂಡಾಗಿತ್ತು. ಗ್ವಾಡೇಲೇ ಇತ್ತು."

ಚಿಕ್ಕಸ್ವಾಮಿ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. "ಅತ್ಗೆ, ನೀವು ನಿದ್ದೆಗೆಟ್ಟಿದ್ರಿ. ಆ ಗಾಳೀಲಿ ಸದ್ದಿಗೇನು ಬರ. ಏನಾರ ಬಿದ್ದಿರ್ತದೆ. ಲೋಟನೋ ಗೀಟನೋ."

ಅವಳ ಕಿವಿಯಲ್ಲಿ ಅವಳದೇ ಮಾತು ವಾಪಸ್ಸು ಬಂದ ಹಾಗಾಯಿತು.

"ನಾನು ಕಣ್ಣಲ್ಲಿ ನೋಡಿವ್ನಿ."

"ಮತ್ತೆ ಬೆಳಿಗ್ಗೇನೇ ಯಾಕೆ ಯೋಳ್ನಿಲ್ಲ? ಗ್ವಾಡೇಲಿದ್ದಾಗ್ಲೇ ತೋರ್ಸಿದ್ರೆ ಆಗೋಗದು" ಎಂದ. ದನಿಯಲ್ಲಿ ಒರಟಿರಲಿಲ್ಲ, ದುಃಖದಲ್ಲಿರುವ ಹೆಂಗಸಿನ ಜೊತೆ ಮಾತಾಡುವ ಮೆತ್ತಗಿನ ದನಿ. ಅದೇ ಅವಳಿಗೆ ತಡೆಯದಾಯಿತು. ಬಾಗಿಲಲ್ಲಿ ದ್ಯಾವಯ್ಯ ಕಾಲು ಬದಲಿಸಿ ನಿಂತ. ಕುಳ್ಳಯ್ಯ ಸೂರು ನೋಡುತ್ತಿದ್ದ.

ಶ್ವೇತ ಮಾತ್ರ ಅವ್ವನ ಹತ್ತಿರ ಸರಿದಿದ್ದಳು. "ಅವ್ವ, ಆಗ ಅಪ್ಪ ಎದ್ದಿದ್ರಾ?"

"ಎದ್ದಿದ್ರು."

"ಅಪ್ಪಂಗೆ ಕೇಳುಸ್ತಾ?"

ಬೆಳಗಿನಿಂದ ಅವಳು ಹೆದರಿ ದೂರವಿಟ್ಟ ಪ್ರಶ್ನೆ ಅದು. ಮಗಳ ಕಣ್ಣು ಅವಳ ಮುಖದ ಮೇಲೆ ನೆಟ್ಟಿತ್ತು. ಆ ಕಣ್ಣಲ್ಲಿ ಟ್ರಾಕ್ಟರಿನಲ್ಲಿ ಕೇಳಿದ ಮಾತೇ ಇತ್ತು.

"ಕೇಳುಸ್ತು. ಒಡ್ದದೆ ಅಂತ ಹೇಳ್ದೆ" ಎಂದಳು ಚಿಕ್ಕಬೋರಮ್ಮ.

"ಏನಂದ್ರು?"

"ನೋಡ್ದಾ, ಅಂದ್ರು. ನಕ್ರು." ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನೇ ಮುಂದೆ ಹೋಯಿತು. "ಚಿಕ್ಕಸ್ವಾಮಿಗೆ ಹೇಳು, ಮೇಲಕ್ಕೆ ಬ್ಯಾಡ, ಸಂತೋಷನ್ ಸಂಸಾರ ಅಲ್ಲಿರ್ತದೆ ಅಂದ್ರು. ಆಮೇಲೆ ಮಾತಾಡ್ನಿಲ್ಲ."

ಗಾಳಿ ಒಂದು ಸಲ ಬೀಸಿ ನಿಂತಿತು. ಚಿಕ್ಕಸ್ವಾಮಿ ಕುಕ್ಕರಗಾಲಿನಿಂದ ನೆಲಕ್ಕೇ ಕೂತುಬಿಟ್ಟ.

"ನಕ್ನಾ?"

"ನಕ್ರು."

"ಅಣ್ಣ ನಕ್ಕಿದ್ದು ನೋಡಿ ನಂಗೆ ಯಾವ ಕಾಲ ಆಯ್ತೋ" ಎಂದ. ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಟವೆಲಿನೊಳಗಿಂದಲೇ, "ಸಾಯೋವಾಗ ಅಂದ್ನಲ್ಲತ್ಗೆ. ಇನ್ನೆಂಗ್ ಮೀರನ" ಎಂದ. ಆಮೇಲೆ ಎದ್ದು, ಯಾರ ಮೇಲೆ ಎಂದು ತಿಳಿಯದ ಸಿಟ್ಟಿನಲ್ಲಿ, "ನಿಂತ್ಕಂಡು ಏನ್ಲಾ ನೋಡ್ತೀಯ, ಓಗು, ಬೆಳ್ಳೂರಿಗೆ ಫೋನ್ ಮಾಡು, ಮಿಕ್ಸರ್ ಬ್ಯಾಡ ಅನ್ನು. ಮೇಲೆ ಎಬ್ಸಿರೋದ್ನೂ ಇಳುಸ್ಬೇಕು. ಎಲ್ಲಾ ದಂಡ" ಎಂದು ದ್ಯಾವಯ್ಯನನ್ನು ಗದರಿಕೊಂಡೇ ಮೆಟ್ಟಿಲಿಳಿದ. ಕುಳ್ಳಯ್ಯ ಅವನ ಹಿಂದೆ ಹೋದ. ತಿರುವಿನಲ್ಲಿ ಮೂವರ ಹೆಜ್ಜೆ ಸದ್ದೂ ನಿಂತಿತು. ಗೋಡೆ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ ಮತ್ತೆ ಇಳಿದ ಸದ್ದು.

ಶ್ವೇತ ಅವ್ವನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಅಳುತ್ತಿರಲಿಲ್ಲ. ಇಡೀ ದಿನದಲ್ಲಿ ಮೊದಲ ಸಲ ಅವಳ ಮುಖ ಬಿಗಿ ಸಡಿಲಿಸಿತ್ತು.

"ನಿಜವಾಗ್ಲೂ ನಕ್ರೇನವ್ವ?"

"ಹೂಂ."

ಮಗಳಿಗೆ ಅಲ್ಲಿಯೇ ನಿದ್ದೆ ಹತ್ತಿತು. ಚಿಕ್ಕಬೋರಮ್ಮ ದೀಪದ ಪಕ್ಕದ ಲೋಟ ನೋಡುತ್ತ ಕೂತಳು. ಹಿತ್ತಾಳೆ ಲೋಟ, ಅಂಚಿನಲ್ಲಿ ಹೊನ್ನಪ್ಪನ ಅಪ್ಪನ ಹೆಸರು. ಮಿಕ್ಕ ಪಾತ್ರೆಗಳನ್ನೆಲ್ಲ ಸಂಜೆಯೇ ತೊಳೆದು ಪೆಟ್ಟಿಗೆಗೆ ಹಾಕಿದ್ದಳು. ರಾತ್ರಿ ಉರುಳಲು ಬೇರೆ ಲೋಟವೇ ಇರಲಿಲ್ಲ, ಇದೊಂದೇ. ಇದರಿಂದಲೇ ಅವಳು ಚಮಚದಲ್ಲಿ ನೀರು ಬಿಡುತ್ತಿದ್ದಳು. ಹೊರಗೆ ಹೋಗುವಾಗ ಅವನ ತಲೆದೆಸೆಯ ಸ್ಟೂಲಿನ ಮೇಲೆ ಅವಳೇ ಇಟ್ಟು ಹೋದದ್ದು ಇದನ್ನೇ. ಲೋಟ ಉಳ್ಳೋಯ್ತು ಎಂದು ಅವಳು ಹೇಳಿದಾಗ ಇದು ನೀರು ತುಂಬಿಕೊಂಡು ಅವನ ಕಣ್ಣೆದುರಿಗೇ ನೆಟ್ಟಗೆ ನಿಂತಿತ್ತು.

ಅವನು ಸ್ಟೂಲಿನ ಕಡೆ ನೋಡಿದ್ದ. ನೋಡಿ, ಅಂಗಾದ್ರೆ ಸರಿ ಬುಡು ಎಂದಿದ್ದ.

ಗಾಜು ಒಡೆದದ್ದು ಅವನಿಗೆ ಗೊತ್ತಾಗಿತ್ತು. ಮಗಳನ್ನು ಎಬ್ಬಿಸಬೇಕೆನ್ನಿಸಿತು. ತೊಡೆಯ ಮೇಲಿನ ಆ ಸಡಿಲ ಮುಖ ನೋಡಿ ಕೈ ಹಿಂದೆ ತೆಗೆದಳು. ಬೇಡ. ಇವಳಿಗೂ ಬೇಡ, ಕೆಳಗಿರುವವನಿಗೂ ಬೇಡ. ನಕ್ಕನೆಂದೇ ಇರಲಿ. ಇದು ತನ್ನ ಜೊತೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಬರಲಿ. ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಗಾಳಿ ಮತ್ತೆ ಎದ್ದಿತು. ದೀಪ ಆರೀತೆಂದು ಮಗಳ ತಲೆಯನ್ನು ಮೆಲ್ಲಗೆ ಇಳಿಸಿ, ಎದ್ದು ಕಿಟಕಿಯ ಬಾಗಿಲೆಳೆದು ಚಿಲಕ ಹಾಕಿದಳು. ದೀಪದ ಕುಡಿ ಅಲುಗದೆ ನಿಂತಿತು. ಹೊರಗೆ ಗಾಳಿ ಗೋಡೆಯನ್ನು ತಳ್ಳುತ್ತಲೇ ಇತ್ತು. ಲೋಟದ ನೀರಿನಲ್ಲಿ ಮಾತ್ರ ಅಂಚಿನಿಂದ ನಡುವಿಗೆ ಒಂದರ ಹಿಂದೊಂದು ಸಣ್ಣ ಸಣ್ಣ ಬಳೆಯಂಥ ಅಲೆಗಳು ಹೋಗುತ್ತಿದ್ದವು. ಅವಳು ಕೂತು ಲೋಟವನ್ನು ಎರಡೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನೀರು ನಿಲ್ಲಲಿಲ್ಲ.